ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಸಾಹೇಬರಿಗೆ, ನಮ್ಮ ಷಡ್ಡಕರ ಹೆರಿಗೆಯ ವಿಚಾರವಾಗಿ

ಮಾನ್ಯರೇ,

ಎರಡು ಕಂಬಗಳ ನಡುವೆ ಬೂದು ಬಣ್ಣದ ಕೋಟು ತೊಟ್ಟು, ಹೊಟ್ಟೆ ತುಂಬ ಎಣ್ಣೆ ತುಂಬಿಕೊಂಡು, ಹಗಲು ರಾತ್ರಿಯೆನ್ನದೆ 'ಗುಂಯ್' ಎಂಬ ಒಂದೇ ರಾಗದಲ್ಲಿ ನಮ್ಮನ್ನು ಪಾಲಿಸುತ್ತಿರುವ ತಮಗೆ, ಈ ಬೀದಿಯ ಸಮಸ್ತ ಫ್ರಿಜ್ಜು, ಫ್ಯಾನು, ಮಿಕ್ಸಿ, ಮೊಬೈಲುಗಳ ಪರವಾಗಿಯೂ, ಅವನ್ನೇ ನಂಬಿ ಬದುಕಿರುವ ನಮ್ಮಂಥ ಎರಡು ಕಾಲಿನ ಅವಲಂಬಿತರ ಪರವಾಗಿಯೂ ಅನಂತ ನಮಸ್ಕಾರಗಳು. ತಮ್ಮ ಎಣ್ಣೆ ಸೋರದಿರಲಿ, ತಮ್ಮ ಫ್ಯೂಸು ಹಾರದಿರಲಿ, ತಮ್ಮ ನೆತ್ತಿಯ ಮೇಲೆ ಕಾಗೆ ಕೂರದಿರಲಿ ಎಂದು ಮೊದಲಿಗೆ ಹಾರೈಸಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ಈ ಪತ್ರವನ್ನು ತಮ್ಮ ಮೇಲಧಿಕಾರಿಗಳಿಗೆ ಬರೆಯದೆ ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಚೇರಿಗೆ ಫೋನ್ ಮಾಡಿದರೆ ಅಲ್ಲಿನ ದನಿಯೊಂದು 'ನಿಮ್ಮ ಕರೆ ನಮಗೆ ಅತ್ಯಮೂಲ್ಯ' ಎನ್ನುತ್ತದೆ, ಮತ್ತು ಅಷ್ಟು ಅಮೂಲ್ಯವಾದ ವಸ್ತುವನ್ನು ಖರ್ಚು ಮಾಡಲು ಮನಸ್ಸು ಬಾರದೆ, ಕೊಳಲಿನ ನಾದದಲ್ಲಿ ಸುತ್ತಿ ಜೋಪಾನವಾಗಿ ಎತ್ತಿಟ್ಟುಬಿಡುತ್ತದೆ. ತಾವು ಹಾಗಲ್ಲ. ತಾವು ಕಣ್ಣೆದುರಿಗೇ ಇದ್ದೀರಿ, ಬೈದರೂ ಮುಖ ತಿರುಗಿಸುವುದಿಲ್ಲ, 'ಸಾಹೇಬರು ಊಟಕ್ಕೆ ಹೋಗಿದಾರೆ' ಎಂದು ಯಾರ ಬಾಯಲ್ಲೂ ಹೇಳಿಸುವುದಿಲ್ಲ. ಮೈಮೇಲೆ ತಲೆಬುರುಡೆಯ ಚಿತ್ರ ತೂಗುಹಾಕಿಕೊಂಡು 'ಅಪಾಯ' ಎಂದು ಮೊದಲೇ ಒಪ್ಪಿಕೊಂಡಿರುವ ಇಂಥ ಪ್ರಾಮಾಣಿಕ ನೌಕರರನ್ನು ನಾನು ಬೇರೆ ಯಾವ ಇಲಾಖೆಯಲ್ಲೂ ಕಂಡಿಲ್ಲ.

ತಮ್ಮ ಸೂಕ್ಷ್ಮ ಪ್ರಕೃತಿಯ ಬಗ್ಗೆ ಎರಡು ಮಾತಾಡದೆ ಮುಂದೆ ಹೋದರೆ ನಾನು ಕೃತಘ್ನನಾದೇನು. ಹವಾಮಾನದವರು 'ಮಳೆ' ಎಂದ ದಿನ ಕೊಡೆ ಹೊತ್ತು ಹೋಗಿ ಬೆವರಿಳಿಸಿಕೊಂಡು ಬಂದಿದ್ದೇವೆ, 'ಒಣ ಹವೆ' ಎಂದ ದಿನ ತೊಯ್ದು ತೊಪ್ಪೆಯಾಗಿ ಬಂದಿದ್ದೇವೆ. ತಾವು ಮಾತ್ರ ಒಂದು ದಿನವೂ ತಪ್ಪಿದವರಲ್ಲ. ದೂರದಲ್ಲೆಲ್ಲೋ ಒಂದು ಮೋಡ ಇನ್ನೊಂದು ಮೋಡಕ್ಕೆ ಕಣ್ಣು ಹೊಡೆದರೆ ಸಾಕು, ಇಲ್ಲಿ ತಮಗೆ ತಲೆ ಸುತ್ತುತ್ತದೆ. ನಾಲ್ಕು ಹನಿ ಬೀಳುವ ಮುಂಚೆಯೇ 'ಢಮ್' ಎಂದು ಒಂದು ಸೀನು ಸೀನಿ ಹಾಸಿಗೆ ಹಿಡಿದುಬಿಡುತ್ತೀರಿ. ಫ್ಯಾನು ನಿಂತಿತೆಂದರೆ ಬೀದಿಯವರೆಲ್ಲ ಮಹಡಿಗೆ ಓಡಿ ಒಣಹಾಕಿದ ಬಟ್ಟೆ ಎತ್ತುತ್ತಾರೆ. ಹೀಗೆ ತಾವು ಮಾನ ಕಾಪಾಡಿದ ಷರಟು, ಸೀರೆ, ಹೊದಿಕೆಗಳಿಗೆ ಲೆಕ್ಕವಿಲ್ಲ. ಬಟ್ಟೆ ಎತ್ತಿದ ಮೇಲೆ ಎಲ್ಲರೂ ಬಾಲ್ಕನಿಗೆ ಬಂದು ಎದುರು ಮನೆಯನ್ನು ನೋಡುತ್ತೇವೆ. ಅಲ್ಲೂ ಕತ್ತಲೆಯಾಗಿದ್ದರೆ, ಆಹಾ, ಏನು ಸಮಾಧಾನ! 'ನಿಮ್ದೂ ಹೋಯ್ತಾ?' 'ಹೂಂ, ನಮ್ದೂ ಹೋಯ್ತು!' ಎಂದು ಮಗಳಿಗೆ ಗಂಡು ಗೊತ್ತಾದಷ್ಟು ಸಂಭ್ರಮದಿಂದ ಕೂಗಿಕೊಳ್ಳುತ್ತೇವೆ. ನಮ್ಮದು ಹೋಗಿ ಎದುರಿನವರದು ಉಳಿದ ದಿನದ ಸಂಕಟ ಮಾತ್ರ ಶತ್ರುವಿಗೂ ಬೇಡ. ಸಮಾನತೆಯನ್ನು ಇಷ್ಟು ಚೊಕ್ಕವಾಗಿ ಜಾರಿಗೆ ತಂದವರು ತಮ್ಮನ್ನು ಬಿಟ್ಟರೆ ಇನ್ಯಾರಿದ್ದಾರೆ?

ಇನ್ನು ನನ್ನ ಪರಿಚಯ. ತಮ್ಮಿಂದ ನಾಲ್ಕನೆಯ ಮನೆಯವನು ನಾನು, ಬೋರ್ಡು ಮತ್ತು ಬ್ಯಾನರು ಬರೆಯುವ ಅಂಗಡಿ ನನ್ನದು. ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಪಡೆದೆನಾದ್ದರಿಂದ ಪ್ರಾಸ ಕಂಡಲ್ಲಿ ಕಾಲು ಜಾರುವ ಚಟವೊಂದು ಅಂಟಿಕೊಂಡಿದೆ. ಈ ಚಟದ ಸುದ್ದಿ ತಿಳಿದ ತಮ್ಮ ಕಚೇರಿಯವರು, ಗಾಳಿಮಳೆಯ ಕಾಲದಲ್ಲಿ ಜನ ಎಚ್ಚರವಾಗಿರಲೆಂದು ಒಂದು ಸುರಕ್ಷತಾ ಕರಪತ್ರವನ್ನು ಪ್ರಾಸದಲ್ಲೇ ಬರೆದುಕೊಡಲು ನನಗೆ ಹೇಳಿದರು. ಬರೆದೆ. 'ಬಿದ್ದ ತಂತಿ ಕಂಡರೆ ಮುದ್ದು ಮಾಡಬೇಡಿ, ಸದ್ದಿಲ್ಲದೆ ಸರಿದು ನಿಂತು ಸುದ್ದಿ ನಮಗೆ ನೀಡಿ' ಎಂದು ಶುರುವಾಗಿ, 'ಒದ್ದೆ ಕೈಯಲ್ಲಿ ಸ್ವಿಚ್ಚು, ಮುಟ್ಟಿದರೆ ಅದು ಹುಚ್ಚು', 'ಪರದೆಯ ಪಕ್ಕ ಮೇಣದಬತ್ತಿ, ಮರೆತು ಮಲಗಿದರೆ ಮನೆಯೇ ಬತ್ತಿ' ಎಂದು ಮುಂದುವರಿದು, 'ಜನರೇಟರ್ ಎಂಬ ಜಾಣ ಮನೆಯ ಹೊರಗೇ ಇರಲಿ, ಗೋಡೆಯ ಸಾಕೆಟ್ಟಿಗೆ ಅವನ ತಂತಿ ಸೇರದಿರಲಿ' ಎಂಬಲ್ಲಿಗೆ ಮುಗಿಯುವ ಆ ಕೃತಿಯನ್ನು ಮನೆಮನೆಗೂ ಹಂಚಿದರು. ಅಕ್ಷರ ಇರುವೆಯಷ್ಟು ಸಣ್ಣದಾಗಿದ್ದುದರಿಂದ ಒಳ್ಳೆಯ ಬೆಳಕಿದ್ದಾಗ ಮಾತ್ರ ಓದಬಹುದಿತ್ತು. ಬೆಳಕಿದ್ದಾಗ ಅದನ್ನು ಓದುವ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ಬೀದಿಯವರು ಅದನ್ನು ಹಾಡಿನಂತೆ ಬಾಯಿಪಾಠ ಮಾಡಿದರು. ಬಾಯಿಗೆ ಬಂದದ್ದೆಲ್ಲ ತಲೆಗೆ ಹೋಗಬೇಕೆಂಬ ನಿಯಮವಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ನಮ್ಮ ಮನೆಯಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಇದ್ದಾರೆ. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಈ ಊರಿನ ಎಷ್ಟೋ ಜನ ಹುಟ್ಟಿದ ಕ್ಷಣದಲ್ಲಿ ತಲೆಕೆಳಗಾಗಿ ಮೊದಲು ಕಂಡದ್ದು ಅವರ ಮುಖವನ್ನೇ. ಅವರಲ್ಲಿ ಕೆಲವರು ಇಂದಿಗೂ ಅವರನ್ನು ಕಂಡರೆ ಅಳುವ ಮುಖ ಮಾಡುತ್ತಾರೆ. ನಿವೃತ್ತಿಯಾದ ಮೇಲೆ ಅವರಿಗೆ ಕೈ ಸುಮ್ಮನಿರಲು ಬರಲಿಲ್ಲ. ಟಿವಿ ಧಾರಾವಾಹಿಯಲ್ಲಿ ಬಸುರಿ ಬಂದರೆ 'ಒಂಬತ್ತು ತಿಂಗಳಂತೆ! ದಿಂಬು ಅದು, ಮೂಲೆ ಕಾಣ್ತಿದೆ' ಎಂದು ಗದರುತ್ತಿದ್ದರು. ಅಲ್ಲಿನ ಡಾಕ್ಟರು 'ಅವಳಿ' ಎಂದರೆ 'ಕೈಯಿಟ್ಟು ನೋಡಿದ್ಯೇನಯ್ಯ?' ಎಂದು ಟಿವಿಯನ್ನೇ ಕೇಳುತ್ತಿದ್ದರು. ಕೊನೆಗೆ ಒಂದು ದಿನ ಥರ್ಮೋಕೋಲಿನ ಪೆಟ್ಟಿಗೆಯೊಂದನ್ನು ತಂದು, ಒಂದು ಬದಿಗೆ ಗಾಜು ಕೂರಿಸಿ, ಅದರೊಳಗೆ ಬಲ್ಬು ತೂಗಿಸಿ, ಒಂದು ಬಟ್ಟಲು ನೀರಿಟ್ಟು, ಪೆಟ್ಟಿಗೆಯ ಗೋಡೆಗೆ ಜ್ವರ ನೋಡುವಂಥ ಕಡ್ಡಿ ಸಿಕ್ಕಿಸಿ, ಕೋಳಿಮೊಟ್ಟೆಗಳನ್ನು ಸಾಲಾಗಿ ಮಲಗಿಸಿದರು. ಕೋಳಿಯಿಲ್ಲದೆ ಮರಿ ಮಾಡಿಸುವ ಈ ವಾರ್ಡು ನಮ್ಮ ಊಟದ ಕೋಣೆಯಲ್ಲಿ ತೆರೆಯಿತು. ಅದರ ಪಕ್ಕ ಜೋರಾಗಿ ಮಾತಾಡುವಂತಿರಲಿಲ್ಲ. ನಾನು ಸೀನಿದರೆ 'ಹೊರಗೆ' ಎಂದು ಬಾಗಿಲ ಕಡೆ ಬೆರಳು ತೋರಿಸುತ್ತಿದ್ದರು.

ಮೊದಲ ಸಲದ ಮೊಟ್ಟೆಗಳು ಏನಾದವೆಂದು ತಮಗೆ ಗೊತ್ತು. ಒಂದು ಗಾಳಿಯ ದಿನ ನಾವೆಲ್ಲ ಹೊರಗೆ ಹೋಗಿದ್ದಾಗ ತಾವು ಎಂದಿನಂತೆ ಸೀನಿದಿರಿ, ಬಲ್ಬು ಆರಿತು, ನಾವು ಬರುವಷ್ಟರಲ್ಲಿ ವಾರ್ಡು ತಣ್ಣಗಾಗಿತ್ತು. ಅತ್ತೆ ಮೊಟ್ಟೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಕೇಳಿ, ಹಿತ್ತಲಲ್ಲಿ ಮಣ್ಣು ಮಾಡಿ ಬಂದರು. ಆ ವಾರವಿಡೀ ಅಡುಗೆಗೆ ಉಪ್ಪು ಬೀಳಲಿಲ್ಲ, ಕೇಳುವ ಧೈರ್ಯ ನಮಗಿರಲಿಲ್ಲ. ಎರಡನೆಯ ಸಲ ಮೊಟ್ಟೆ ಇಟ್ಟಾಗ ನನ್ನ ಹೆಂಡತಿಗೆ ಮಾತ್ರ ಹೇಳಿದರಂತೆ: 'ಇದೇ ಕೊನೆ ಕಣೆ. ಇದೂ ಕೈಕೊಟ್ರೆ ಪೆಟ್ಟಿಗೆ ಗುಜರಿಗೆ, ನಾನು ಟಿವಿ ಮುಂದಕ್ಕೆ. ನನ್ನ ಕೈಗುಣ ಆಸ್ಪತ್ರೇಲೇ ಬಿಟ್ಟು ಬಂದಿದೀನಿ ಅಂದ್ಕೋತೀನಿ.' ಹೆಂಡತಿ ಅದನ್ನು ನನಗೆ ಹೇಳುವಾಗ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆದ್ದರಿಂದ ಮಾನ್ಯರೇ, ಕಳೆದ ಗಾಳಿಮಳೆಯ ಕಾಲದಲ್ಲಿ ತಮ್ಮ ಕೈಯಲ್ಲಿದ್ದದ್ದು ಬರೀ ಕರೆಂಟಲ್ಲ.

ಮರಿಗಳು ಇವತ್ತೋ ನಾಳೆಯೋ ಎನ್ನುವಂತಿದ್ದ ಒಂದು ಮಧ್ಯಾಹ್ನ ಗಾಳಿ ಎದ್ದಿತು. ನಮ್ಮ ಗೇಟಿನ ಮುಂದಿನ ಮರ ಒಂದು ಕೊಂಬೆಯನ್ನು ಮುರಿದು ತಂತಿಗಳ ಮೇಲೆ ಎಸೆಯಿತು, ಒಂದು ತಂತಿ ಹರಿದು ರಸ್ತೆಗೆ ಜೋತುಬಿತ್ತು, ತಾವು ನೀಲಿ ಕಿಡಿಯೊಂದನ್ನು ಉಗುಳಿ ವಿಶ್ರಾಂತಿಗೆ ತೆರಳಿದಿರಿ. ಎದುರು ಮನೆಯ ಟೈಲರಮ್ಮ ಎರಡು ಕುರ್ಚಿ ತಂದು ದಾರಿಗೆ ಅಡ್ಡ ಇಟ್ಟು, ಬಂದವರಿಗೆಲ್ಲ 'ಬಿದ್ದ ತಂತಿ ಕಂಡರೆ' ಹಾಡಿ ವಾಪಸು ಕಳಿಸತೊಡಗಿದರು. ಒಬ್ಬ ಸ್ಕೂಟರಿನವನು 'ಕರೆಂಟೇ ಇಲ್ವಲ್ಲಮ್ಮ, ತಂತಿ ಏನ್ ಮಾಡತ್ತೆ?' ಎಂದದ್ದಕ್ಕೆ 'ನಿನ್ ಹೆಂಡ್ತಿ ನಿದ್ದೆ ಮಾಡ್ತಿರೋವಾಗ ಅವಳ ಜಡೆ ಎಳೀತೀಯಾ? ಯಾವಾಗ ಏಳ್ತಾಳೆ ಅಂತ ಗೊತ್ತಾ?' ಎಂದು ಕೇಳಿದರು. ಅವನು ಸ್ಕೂಟರು ತಿರುಗಿಸಿದ. ನನ್ನ ಇಡೀ ಕರಪತ್ರಕ್ಕಿಂತ ಈ ಒಂದು ಮಾತು ಮೇಲೆಂದು ಒಪ್ಪಿಕೊಳ್ಳುತ್ತೇನೆ, ಪ್ರಾಸವಿಲ್ಲದಿದ್ದರೂ.

ಒಳಗೆ ಅತ್ತೆ ಪೆಟ್ಟಿಗೆಗೆ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದ್ದರು. ಕಡ್ಡಿಯ ಪಾದರಸ ಮೆಟ್ಟಿಲಿಳಿಯುವ ಮುದುಕಿಯಂತೆ ಒಂದೊಂದೇ ಗೆರೆ ಇಳಿಯುತ್ತಿತ್ತು. ನಾನು ಕಚೇರಿಯ ಕೊಳಲು ಕೇಳುತ್ತ ಕೂತಿದ್ದೆ. ಹೆಂಡತಿ ಗ್ಯಾಸಿನ ಒಲೆ ಹಚ್ಚಿ ಪಕ್ಕದಲ್ಲಿಡೋಣವೇ ಎಂದಳು, ಅತ್ತೆ ಬೇಡವೆಂದರು: 'ಕಿಟಕಿ ಬಾಗಿಲು ಎಲ್ಲಾ ಹಾಕಿದೀವಿ. ಮೊಟ್ಟೆ ಬೆಚ್ಚಗೆ ಮಾಡೋಕೆ ಹೋಗಿ ನಾವು ತಣ್ಣಗಾಗ್ತೀವಿ.'

ಆ ಹೊತ್ತಿಗೆ ನಮ್ಮ ಷಡ್ಡಕರ ಆಗಮನವಾಯಿತು. ನನ್ನ ಹೆಂಡತಿಯ ಅಕ್ಕನ ಗಂಡ ಅವರು. ಸಮಾರಂಭಗಳಿಗೆ ಕುರ್ಚಿ, ಮೈಕು, ಜನರೇಟರು ಬಾಡಿಗೆಗೆ ಕೊಡುವ ವ್ಯಾಪಾರ. ಹೆಂಡತಿ ಫೋನಿನಲ್ಲಿ 'ಭಾವ, ಅಮ್ಮನ ಮೊಟ್ಟೆ' ಎಂದಷ್ಟೇ ಹೇಳಿದ್ದಳು, ಅವರು ಗಾಡಿಯ ಹಿಂದೆ ಜನರೇಟರ್ ಕಟ್ಟಿಕೊಂಡು ಮಳೆಯಲ್ಲೇ ಬಂದುಬಿಟ್ಟಿದ್ದರು. ಹೃದಯ ಬಂಗಾರದ್ದು, ಗಂಟಲು ಲೌಡ್‌ಸ್ಪೀಕರಿನದು. 'ಅತ್ತೇ, ಹೆದರಬೇಡಿ! ಅಳಿಯ ಬಂದ, ಬೆಳಕು ತಂದ!' ಎಂದು ಗೇಟಿನಿಂದಲೇ ಘೋಷಿಸಿದರು. ಅಂದಮೇಲೆ ಪ್ರಾಸದ ರೋಗ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಅಲ್ಲ. ಜನರೇಟರನ್ನು ಹಜಾರಕ್ಕೆ ಎಳೆದು ತರುತ್ತಾರೇನೋ ಎಂದು ನಾನು ಹೆದರಿದರೆ, ಅವರು ಅಂಗಳದ ಮೂಲೆಯ ಶೀಟಿನ ಕೆಳಗೆ ನಿಲ್ಲಿಸಿ, 'ಜನರೇಟರ್ ಎಂಬ ಜಾಣ ಮನೆಯ ಹೊರಗೇ ಇರಲಿ! ನೋಡಿದ್ರಾ, ನಿಮ್ಮ ಪದ್ಯ ನಂಗೆ ಬಾಯಿಪಾಠ!' ಎಂದರು. ನನ್ನ ಸಾಹಿತ್ಯಕ್ಕೆ ನಮ್ಮ ಬೀದಿಯಾಚೆ ಸಿಕ್ಕ ಮೊದಲ ಓದುಗನೆಂದು ನಾನು ಉಬ್ಬಿಹೋದೆ. ಉಬ್ಬಿದವನು ಪದ್ಯದ ಎರಡನೆಯ ಸಾಲನ್ನು ಕೇಳಲು ಮರೆತೆ.

ಆ ಎರಡನೆಯ ಸಾಲಿಗೆ ಅವರು ಮಾಡಿದ್ದು ಇಷ್ಟು. ಎರಡೂ ತುದಿಗೆ ಪ್ಲಗ್ಗಿರುವ ವಯರೊಂದನ್ನು ಚೀಲದಿಂದ ತೆಗೆದರು. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಅಡುಗೆಮನೆಯ ಗೋಡೆಯ ಸಾಕೆಟ್ಟಿಗೆ. 'ಒಂದು ಪೆಟ್ಟಿಗೆಗೆ ಯಾಕೆ ಕೊಡ್ಬೇಕು, ಇಡೀ ಮನೆಗೇ ಕೊಡೋಣ' ಎಂಬುದು ಅವರ ಔದಾರ್ಯ. ಔದಾರ್ಯಕ್ಕೆ ಮನೆಯ ಗೋಡೆ ಗೊತ್ತಾಗುವುದಿಲ್ಲ. ಮೇನ್ ಸ್ವಿಚ್ಚು ಇಳಿಸದೆ ಹಾಗೆ ಕೊಟ್ಟ ಕರೆಂಟು ನಮ್ಮ ಮನೆ ತುಂಬಿ, ಮೀಟರು ದಾಟಿ, ಬೀದಿಯ ತಂತಿಗೆ ಹರಿಯಿತು. ತಾವು ನಮಗೆ ಬಡಿಸುವ ದಾರಿಯಲ್ಲಿ ನಾವು ತಮಗೆ ಬಡಿಸತೊಡಗಿದೆವು.

ಒಂದು ಕ್ಷಣ ಎಂಥ ಸಂಭ್ರಮ! ಪೆಟ್ಟಿಗೆಯ ಬಲ್ಬು ಹೊತ್ತಿತು, ಪಾದರಸ ಮೇಲೆ ಕಣ್ಣೆತ್ತಿತು, ಅತ್ತೆ ಕಂಬಳಿ ಸರಿಸಿ ಪೆಟ್ಟಿಗೆಯ ಗಾಜಿಗೆ ಹಣೆ ಒತ್ತಿ 'ಬಂದ್ರಿ ನನ್ನಪ್ಪಂದಿರಾ' ಎಂದರು. ಅಕ್ಕಪಕ್ಕದ ಮನೆಗಳಲ್ಲೂ ಬಲ್ಬುಗಳು ಕೆಂಡದ ಹಾಗೆ ಮಂಕಾಗಿ ಕೆಂಪೇರಿದವು. ಬಾಲ್ಕನಿಗಳಿಂದ 'ಬಂತು, ಬಂತು!' ಎಂಬ ಕೂಗೆದ್ದಿತು. ಯಾರೋ ತಮ್ಮ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ತಾವು ನಿಷ್ಪಾಪಿಗಳು, ಮಲಗಿದ್ದಿರಿ. ಜನರೇಟರ್ ಮಾತ್ರ ಇಡೀ ಬೀದಿಯನ್ನು ಬೆನ್ನ ಮೇಲೆ ಹೊತ್ತು 'ಅಯ್ಯೋ' ಎನ್ನುವ ದನಿಯಲ್ಲಿ ಏದುಸಿರು ಬಿಡುತ್ತಿತ್ತು.

ಅತ್ತೆ ಹಣೆ ಎತ್ತಿ ಕಿಟಕಿಯ ಹೊರಗೆ ನೋಡಿದರು. ಎದುರು ಮನೆಯ ಟೈಲರಮ್ಮನ ಬಲ್ಬು ಕೆಂಪಗೆ ಉರಿಯುತ್ತಿತ್ತು. ಆ ಮನೆಯ ಪಕ್ಕದ ಕಂಬಕ್ಕೆ, ಯಾವಾಗಲೋ ಬಂದು ಏಣಿ ಆನಿಸಿ, ತಮ್ಮ ಫ್ಯೂಸುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದ ಲೈನ್‌ಮನ್, ಕೊಂಬೆ ಬಿಡಿಸಲು ಮೇಲೇರುತ್ತಿದ್ದರು. ಕೈ ತಂತಿಯಿಂದ ಎರಡು ಮೊಳ ದೂರದಲ್ಲಿತ್ತು. 'ಅವನಿನ್ನೂ ಮೇಲೇ ಇದಾನಲ್ಲ, ಮತ್ತೆ ಅವಳ ಮನೆಗೆ ಕರೆಂಟು ಕೊಟ್ಟೋರ್ಯಾರು?' ಎಂದು ಅವರು ಕೇಳಿದ್ದೂ, 'ಇಳಿಯೋ! ಇಳಿಯೋ ಮಗನೇ! ಮುಟ್ಟಬೇಡ!' ಎಂದು ವಾರ್ಡಿನಲ್ಲಿ ಕೂಗುತ್ತಿದ್ದ ದನಿಯಲ್ಲಿ ಕೂಗಿದ್ದೂ, ರಬ್ಬರು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದೂ ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ಷಡ್ಡಕರು ಅಡ್ಡ ನಿಂತು 'ಅತ್ತೇ, ನಿಮ್ಮ ಮೊಟ್ಟೆ, ಈಗಷ್ಟೇ ಕಾವು ಏರ್ತಿದೆ' ಎಂದರು. ಅತ್ತೆ ಅವರನ್ನು ಭುಜದಿಂದ ತಳ್ಳಿ, 'ಕೋಳಿ ಇನ್ನೊಂದು ಮೊಟ್ಟೆ ಇಡತ್ತೆ ಅಳಿಯಂದ್ರೇ. ಅವನಮ್ಮ ಇನ್ನೊಂದ್ಸಲ ಅವನನ್ನೇ ಹೆರ್ತಾಳಾ?' ಎಂದು ಹೇಳಿ ಜನರೇಟರಿನ ಸ್ವಿಚ್ಚನ್ನು ತಾವೇ ಆರಿಸಿದರು. ಬೀದಿಯೆಲ್ಲ ಮತ್ತೆ ಮಬ್ಬಾಯಿತು. 'ಅಯ್ಯೋ ಹೋಯ್ತು' ಎಂದು ಬಾಲ್ಕನಿಗಳು ತಮ್ಮನ್ನೇ ಬೈದವು. ಆ ಬೈಗುಳ ನಮಗೆ ಸಲ್ಲಬೇಕಾದದ್ದು, ದಯವಿಟ್ಟು ಹಿಂದಿರುಗಿಸಿ.

ಲೈನ್‌ಮನ್ ಇಳಿದು ಬಂದು ನಮ್ಮ ಮೆಟ್ಟಿಲ ಮೇಲೆ ಕೂತರು. ವಿಷಯ ತಿಳಿದ ಮೇಲೆ ಜೇಬಿನ ಫ್ಯೂಸುಗಳನ್ನು ತೆಗೆದು ಮತ್ತೊಮ್ಮೆ ಎಣಿಸಿಕೊಂಡರು. ಅತ್ತೆ ಕೊಟ್ಟ ನೀರು ಕುಡಿದು, ಒಳಗಿನ ಪೆಟ್ಟಿಗೆಯನ್ನು ಇಣುಕಿ ನೋಡಿ, 'ನಮ್ಮನೇಲೂ ಎರಡು ಮರಿ ಇದಾವಮ್ಮ, ಬಾಗ್ಲಲ್ಲೇ ಕಾಯ್ತಿರ್ತಾವೆ' ಎಂದಷ್ಟೇ ಹೇಳಿದರು.  ಆ ಮಾತು ಕೇಳಿದ ಷಡ್ಡಕರು ವಯರಿನ ಎರಡೂ ಪ್ಲಗ್ಗುಗಳನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿ ಬಂದರು. ಆಮೇಲೆ ಪೆಟ್ಟಿಗೆಯೊಂದನ್ನೇ ನೇರ ಜನರೇಟರಿಗೆ ಕೊಡೋಣವೆಂದು, ಅಂದರೆ ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೆ ಮಾಡೋಣವೆಂದು, ಹಗ್ಗ ಎಳೆದರು, ಎಳೆದರು, ಭುಜ ಕಳಚುವಷ್ಟು ಎಳೆದರು. ಇಡೀ ಬೀದಿಯನ್ನು ಹೊತ್ತು ಒಳಗೆಲ್ಲ ಸುಟ್ಟುಕೊಂಡಿದ್ದ ಆ ಜಾಣ ಒಮ್ಮೆ ಕೆಮ್ಮಿ, ಕಪ್ಪು ಹೊಗೆಯ ಕೊನೆಯುಸಿರೆಳೆದ.

ಪಾದರಸ ಮತ್ತೆ ಇಳಿಯುತ್ತಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಎರಡೂ ಅಂಗೈ ನೋಡಿಕೊಳ್ಳುತ್ತಿದ್ದರು. ಅವರು ಹಾಗೆ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ ಕೇಳಿದರು: 'ಕೋಳಿ ಏನು ಮೊಟ್ಟೆಗೆ ಕರೆಂಟು ಕೊಡತ್ತಾ? ಮೈಕಾವು ತಾನೇ ಕೊಡೋದು? ನಮಗೆಲ್ಲ ಮೈಯಿಲ್ವಾ?'

ಮಾನ್ಯರೇ, ಟೈಲರಮ್ಮನ ಹೊಲಿಗೆ ಯಂತ್ರ ಕಾಲಿನಲ್ಲಿ ತುಳಿಯುವಂಥದ್ದು, ತಮ್ಮ ಹಂಗಿಲ್ಲದ್ದು. ಬಟ್ಟೆಗಳ ನಡುವೆ ಮೇಣದಬತ್ತಿ ಬೇಡವೆಂದು ನಾನು ಟಾರ್ಚು ಹಿಡಿದೆ, ಅವರು ಮಿಕ್ಕುಳಿದ ತುಂಡು ಬಟ್ಟೆಗಳಲ್ಲಿ ಜೇಬು ಜೇಬಾಗಿರುವ ಸೊಂಟಪಟ್ಟಿಗಳನ್ನು ಚಕಚಕನೆ ಹೊಲಿದರು. ಅತ್ತೆಗೆ ಜೀವ ಬಂತು. ಒಬ್ಬೊಬ್ಬರನ್ನೇ ಸಾಲಾಗಿ ನಿಲ್ಲಿಸಿ, ಕೈ ತೊಳೆಸಿ, ಹಣೆ ಮುಟ್ಟಿ ಮೈಬಿಸಿ ನೋಡಿ, ಹೊಟ್ಟೆಯ ಸುತ್ತಳತೆಗೆ ತಕ್ಕಂತೆ ಮೊಟ್ಟೆ ಹಂಚಿದರು. ನನಗೆ 'ನಿಮ್ಮದು ಬರೀ ಮೂಳೆ, ಒಂದು ಸಾಕು' ಎಂದರು. ಷಡ್ಡಕರ ಹೊಟ್ಟೆಯ ಮೇಲೆ ಅಂಗೈಯಿಟ್ಟು ನೋಡಿದವರೇ 'ಇದು! ಇದು ವಾರ್ಡು!' ಎಂದು ಉದ್ಗರಿಸಿ ಸಿಂಹಪಾಲನ್ನು ಅಲ್ಲಿಗೇ ಕಟ್ಟಿದರು. ಮೇಲೆ ಕಂಬಳಿ ಹೊದಿಸಿ ಸೋಫಾದ ಮೇಲೆ ಮಲಗಿಸಿದರು. ಲೈನ್‌ಮನ್ ನನಗೂ ಒಂದು ಕೊಡಿ, ಅಂಗಿಯೊಳಗೆ ಇಟ್ಟುಕೊಂಡೇ ಹತ್ತುತ್ತೇನೆ ಎಂದರು. ಅತ್ತೆ 'ನೀನು ಮೊದಲು ನಿನ್ನ ಚಿಪ್ಪು ಕಾಪಾಡ್ಕೋ' ಎಂದು ಗದರಿ ಕಳಿಸಿದರು. ಹೋಗುವ ಮುಂಚೆ ಅವರು ಬೀದಿಯಲ್ಲಿ ನಿಂತು 'ಇನ್ಯಾರ ಮನೇಲಾದ್ರೂ ಜನರೇಟರ್ ಇದೆಯೇನ್ರಪ್ಪಾ?' ಎಂದು ಮನೆಮನೆಗೂ ಕೇಳಿ, ಮನೆಮನೆಯಿಂದಲೂ 'ಇಲ್ಲ' ಎನ್ನಿಸಿಕೊಂಡೇ ಏಣಿ ಹತ್ತಿದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಅದೊಂದು ಗಾದೆ. ನಮ್ಮ ಮನೆಯಲ್ಲಿ ಆ ಎತ್ತು ಸೋಫಾದ ಮೇಲೆ ಮಲಗಿ ಮೇಲ್ಛಾವಣಿ ನೋಡುತ್ತಿತ್ತು. ಸಂಜೆಯಾಗುತ್ತಿದ್ದಂತೆ ಅದರ ಹೊಟ್ಟೆ 'ಚಿಂವ್' ಎಂದಿತು. ಕೋಣೆಯಲ್ಲಿದ್ದವರೆಲ್ಲ ಉಸಿರು ಹಿಡಿದೆವು. 'ಅತ್ತೇ,' ಎಂದರು ಷಡ್ಡಕರು, ನಾನು ಕೇಳಿದ ಅವರ ಅತ್ಯಂತ ಸಣ್ಣ ದನಿಯಲ್ಲಿ, 'ಒಳಗಿಂದ ಯಾರೋ ಕುಟ್ತಿದಾರೆ.' ಅತ್ತೆ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿದರು. 'ಅಲ್ಲಾಡಬೇಡಿ. ನಗಬೇಡಿ, ನಕ್ಕರೆ ಹೊಟ್ಟೆ ಕುಣಿಯತ್ತೆ. ಉಸಿರು ನಿಧಾನ ತಗೊಳ್ಳಿ. ಹಾಂ. ಈಗ ಬಿಡಿ. ಯಾರೂ ಚಿಪ್ಪು ಎಳೀಬೇಡಿ, ತಾನಾಗೇ ಬರ್ಬೇಕು.' ನನ್ನ ಹೆಂ‍ಡತಿ ಭಾವನ ಹಣೆಯ ಬೆವರೊರೆಸಿದಳು. ಟೈಲರಮ್ಮ 'ಮೊದಲನೇದು ಯಾವಾಗ್ಲೂ ಸ್ವಲ್ಪ ತಡ' ಎಂದು ಅನುಭವದ ಮಾತು ಹೇಳಿದರು. 'ನೋವಿದೆಯಾ?' ಎಂದು ನಾನು ಕೇಳಿದೆ. 'ಕಚಗುಳಿ!' ಎಂದು ಹಲ್ಲು ಕಚ್ಚಿ ನರಳಿದರು ಪಾಪ. ನಗಲೂ ಆಗದೆ ತಡೆಯಲೂ ಆಗದೆ ಅವರ ಕಣ್ಣಲ್ಲಿ ನೀರು ಧಾರಾಕಾರ. ಚಿಪ್ಪು ಒಂದು ಕಡೆ ಬಿರಿಯಿತು, ಬಿಟ್ಟಿತು, ಮತ್ತೆ ಬಿರಿಯಿತು. ಎಷ್ಟೋ ಹೊತ್ತಿನ ಮೇಲೆ ಒದ್ದೆ ಬೆಂಕಿಕಡ್ಡಿಯಂಥ ಒಂದು ಕುತ್ತಿಗೆಯೂ, ಲೋಕವನ್ನೇ ತರಾಟೆಗೆ ತೆಗೆದುಕೊಳ್ಳುವಂಥ ಒಂದು ಕೊಕ್ಕೂ ಹೊರಬಂದವು.

ಅತ್ತೆ ಅದನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡರು.  ಟಾರ್ಚಿನ ಬೆಳಕಿನಲ್ಲಿ ತಿರುಗಿಸಿ ನೋಡಿ, ವಾರ್ಡಿನ ಹಳೆಯ ಅಭ್ಯಾಸದಂತೆ 'ಟೈಮ್ ಎಷ್ಟು? ಬರ್ಕೊಳ್ಳಿ' ಎಂದರು. 

ಸರಿಯಾಗಿ ಆ ಕ್ಷಣಕ್ಕೆ ತಾವು ಬಂದಿರಿ! ಕೊಂಬೆ ಬಿಡಿಸಿ, ತಂತಿ ಕಟ್ಟಿ, ಲೈನ್‌ಮನ್ ತಮ್ಮನ್ನು ಎಬ್ಬಿಸಿದ್ದರು. ಟ್ಯೂಬ್‌ಲೈಟುಗಳು ಕಣ್ಣು ಕೋರೈಸಿದವು, ಟಿವಿ ಅರಚಿತು, ಮಿಕ್ಸಿ ಯಾರೂ ಕೇಳದೆಯೇ ಗರ್ಜಿಸಿತು. ಇಡೀ ಮಧ್ಯಾಹ್ನದಿಂದ ತಮಗಾಗಿ ಹಂಬಲಿಸಿದ್ದ ನಮ್ಮ ಅತ್ತೆ ತಲೆ ಕೂಡ ಎತ್ತದೆ, 'ಯಾರ್ರೀ ಅದು? ಆ ಲೈಟು ತೆಗೀರಿ! ಕೂಸಿನ ಕಣ್ಣಿಗೆ ಹೊಡೀತಿದೆ! ಪೆಟ್ಟಿಗೇದೊಂದು ಬಿಟ್ಟು ಎಲ್ಲಾ ತೆಗೀರಿ!' ಎಂದರು. ನಾನು ಓಡಿ ಒಂದೊಂದೇ ಸ್ವಿಚ್ಚು ಆರಿಸಿದೆ, ಕೈ ಒರೆಸಿಕೊಂಡು. ತಮ್ಮ ಸುದೀರ್ಘ ಸೇವಾವಧಿಯಲ್ಲಿ, ಬಂದ ತಕ್ಷಣ ತಮ್ಮನ್ನು 'ಸ್ವಲ್ಪ ಹೊರಗೆ ನಿಲ್ಲಿ' ಎಂದ ಮೊದಲ ಮನೆ ನಮ್ಮದೇ ಇರಬೇಕು. ಅಗೌರವವೆಂದು ಭಾವಿಸಬಾರದು, ಹೆರಿಗೆ ವಾರ್ಡಿಗೆ ಗಂಡಸರನ್ನು ಬಿಡುವ ಪದ್ಧತಿ ನಮ್ಮ ಅತ್ತೆಯವರಲ್ಲಿಲ್ಲ, ಹೆತ್ತವರನ್ನು ಹೊರತುಪಡಿಸಿ.

ಎಲ್ಲ ಮೊಟ್ಟೆಗಳೂ ಒಡೆಯಲಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಮೂಳೆಯ ಪಾಲಿನದು ತಣ್ಣಗೇ ಉಳಿಯಿತು. ಆದರೆ ಒಡೆದವು ಸಾಕಷ್ಟಿದ್ದವು. ಗುಜರಿಯವನು ಬಂದಾಗ ಅತ್ತೆ ಅವನ ಬಳಿಯಿದ್ದ ಇನ್ನೊಂದು ಥರ್ಮೋಕೋಲ್ ಪೆಟ್ಟಿಗೆಯನ್ನು ಕೇಳಿ ಇಸಿದುಕೊಂಡರು.

ಆದ್ದರಿಂದ ಈಗ, ಮತ್ತೊಂದು ಗಾಳಿಮಳೆಯ ಕಾಲ ಹೊಸ್ತಿಲಲ್ಲಿ ನಿಂತಿರುವಾಗ, ತಮ್ಮಲ್ಲಿ ನನ್ನ ಅತಿ ಸಣ್ಣ ವಿನಂತಿಗಳು: ತಾವು ಹೋಗುವ ಮುಂಚೆ ದಯವಿಟ್ಟು ರಜೆಯ ಅರ್ಜಿ ಕೊಟ್ಟು ಹೋಗಬೇಕು, ಸಿಡಿಲಿನ ಜೊತೆ ತಮಗಿರುವ ಹಳೆಯ ಸ್ನೇಹವನ್ನು ದೂರದಿಂದಲೇ ಇಟ್ಟುಕೊಳ್ಳಬೇಕು, ಆಗದಿದ್ದರೆ ಒಂದು ಕೊಡೆ, ಒಂದು ಮಫ್ಲರು, ಎರಡು ಚಮಚ ಶುಂಠಿ ಕಷಾಯ ಬೀದಿಯವರ ಖರ್ಚಿನಲ್ಲೇ ಒದಗಿಸುತ್ತೇವೆ, ಕುಡಿಸುವ ಧೈರ್ಯವನ್ನು ಮಾತ್ರ ತಮ್ಮ ಕಚೇರಿ ಒದಗಿಸಬೇಕು, ಮತ್ತು ತಮ್ಮ ಮೈಮೇಲಿನ ಫಲಕದ ತಲೆಬುರುಡೆಗೆ, ಅದು ತಮ್ಮ ಕಡೆ ಮಾತ್ರವಲ್ಲ, ನಮ್ಮ ಅಡುಗೆಮನೆಗಳ ಕಡೆಗೂ ಆಗಾಗ ತಿರುಗಿ ನೋಡುವಂತೆ ಒಂದು ತಿರುಗುವ ಕುತ್ತಿಗೆ ಮಾಡಿಸಿಕೊಡಬೇಕು. ಏಕೆಂದರೆ ಅಂದು ಆ ಏಣಿಯ ಮೇಲಿದ್ದವರಿಗೆ ಅಪಾಯ ತಮ್ಮಿಂದ ಬರಲಿಲ್ಲ, ಬಂಗಾರದ ಹೃದಯದಿಂದ ಬಂತು.

ಬಂದರೆ ಬೆಳಕು, ಹೋದರೆ ಪುಳಕ, ಎರಡಕ್ಕೂ ಸಿದ್ಧನಾಗಿ, ಟಾರ್ಚು ಕೈಯಲ್ಲಿ ಹಿಡಿದು,

ತಮ್ಮ ವಿಶ್ವಾಸಿ,
ನಾಲ್ಕನೆಯ ಮನೆಯ ಬೋರ್ಡಿನವನು

ತಾ.ಕ.: ಷಡ್ಡಕರ ಹೊಟ್ಟೆಯಲ್ಲಿ ಮೊದಲು ಹುಟ್ಟಿದ್ದು ಹುಂಜ. ತಂದೆಯ ಗಂಟಲೇ ಬಂದಿದೆ. ತಾವು ಹೋಗಿ ನಡುರಾತ್ರಿ ಯಾವುದೋ ಹೊತ್ತಿನಲ್ಲಿ ಬಂದಾಗಲೆಲ್ಲ, ಬೀದಿದೀಪ ಹೊತ್ತಿದ್ದನ್ನು ಕಂಡು ಬೆಳಗಾಯಿತೆಂದು ತಿಳಿದು ಇಡೀ ಬೀದಿಯನ್ನು ಎಬ್ಬಿಸುತ್ತಾನೆ. ಬೀದಿಯವರೆಲ್ಲ ಸಹಿ ಹಾಕಿದ ದೂರೊಂದು ನಮ್ಮ ಮನೆಗೆ ಬಂದಿದೆ. ಅದರ ಕೆಳಗೆ 'ತಪ್ಪು ಹುಂಜನದಲ್ಲ, ಬೆಳಕಿನದು' ಎಂದು ಬರೆದು ತಮ್ಮ ವಿಳಾಸಕ್ಕೆ ರವಾನಿಸಿದ್ದೇನೆ. ತಮ್ಮ ಉತ್ತರ ಬರುವವರೆಗೆ ಅವನು ತಮ್ಮ ಕಂಬದ ಬುಡದಲ್ಲೇ ಕಾಯುತ್ತಾನಂತೆ. ಕಚೇರಿಯ ಕೊಳಲು ಅವನ ಮುಂದೆ ನಡೆಯುವುದಿಲ್ಲ.